ನಳಿಕೆಯಲ್ಲಿ ಹೋದ ಪಾದೋದಕ

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಬೆಳಗ್ಗೆ ವೈದ್ಯರು ನೇರಳೆ ಶಾಯಿಯಲ್ಲಿ ಅದ್ದಿದ ಕಡ್ಡಿಯಿಂದ ನನ್ನ ಹೆಂಡತಿಯ ಮೈಮೇಲೆ ಮೂರು ಗೆರೆಗಳನ್ನು ಎಳೆದರು. ಮೊದಲನೆಯದು ಬಲಗೆನ್ನೆಯ ಹುಣ್ಣನ್ನು ಸುತ್ತುವರಿಯಿತು. ಎರಡನೆಯದು ಕಿವಿಯ ಹಿಂದಿನಿಂದ ಹೊರಟು ಕತ್ತಿನ ಉದ್ದಕ್ಕೆ ಇಳಿಯಿತು. ಮೂರನೆಯದು ಎದೆಯ ನಡುಮೂಳೆಯ ಪಕ್ಕದಿಂದ ಬಲಭುಜದ ತುದಿಯವರೆಗೆ ಅಂಗೈಯಗಲದ ಒಂದು ಪಟ್ಟಿಯನ್ನು ಗುರುತಿಸಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿದ್ದ ವಾರ್ಡಿನ ಸಿಸ್ಟರ್ ಸೆರಗನ್ನು ಬೇಕಾದಷ್ಟೇ ಸರಿಸಿ, ಕೆಲಸ ಮುಗಿದೊಡನೆ ಮುಚ್ಚಿದರು.

ಗೆರೆ ಎಳೆಯುತ್ತಲೇ ವೈದ್ಯರು ನನಗೆ ಕೆಲಸದ ಕ್ರಮವನ್ನು ವಿವರಿಸಿದರು. ಕೆನ್ನೆಯೊಳಗಿನ ಹುಣ್ಣು ಹೊರಚರ್ಮವನ್ನು ಮುಟ್ಟಿದೆ. ಆದುದರಿಂದ ಕೆನ್ನೆಯನ್ನು ಒಳಗೂ ಹೊರಗೂ ತೆಗೆಯಬೇಕು. ಅದರೊಂದಿಗೆ ಕೆಳದವಡೆಯ ಬಲಭಾಗದ ಮೂಳೆಯನ್ನೂ ಕತ್ತಿನ ಗಂಟುಗಳನ್ನೂ ತೆಗೆಯಬೇಕು. ಬಿದ್ದ ತೂತನ್ನು ಮುಚ್ಚಲು ಎದೆಯಿಂದ ಭುಜದವರೆಗಿನ ಆ ಪಟ್ಟಿಯನ್ನು ಬಿಡಿಸಿ, ಮೇಲಕ್ಕೆ ಮಡಿಸಿ, ಕೆನ್ನೆಗೆ ಹೊಲಿಯಬೇಕು. ಪಟ್ಟಿಯ ಬುಡ ಎದೆಯಲ್ಲಿಯೇ ಉಳಿಯುತ್ತದೆ, ರಕ್ತ ಅಲ್ಲಿಂದಲೇ ಬರಬೇಕು. ಕೆನ್ನೆ ಆ ಚರ್ಮವನ್ನು ತನ್ನದಾಗಿ ಮಾಡಿಕೊಳ್ಳಲು ಮೂರು ವಾರ ಬೇಕು. ಅಲ್ಲಿಯವರೆಗೆ ಎದೆಗೂ ಮುಖಕ್ಕೂ ನಡುವೆ ಮಾಂಸದ ಸೇತುವೆಯೊಂದು ಇರುತ್ತದೆ. ಆಮೇಲೆ ಅದನ್ನು ಕತ್ತರಿಸುತ್ತಾರೆ.

ನಾನು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ. "ಇವಳು ಬಾಯಿಂದ ಊಟ ಮಾಡುತ್ತಾಳೆಯೇ?"

"ಮಾಡ್ಬಹುದು. ಮೊದಲು ಗಾಯ ಕೂಡ್ಬೇಕು. ಆಮೇಲೆ ದವಡೆ ಬಿಗಿದುಕೊಳ್ಳದ ಹಾಗೆ ಅವರೇ ನೋಡ್ಕೋಬೇಕು. ಎರಡೂ ಆದ್ರೆ ಊಟ. ಇಲ್ಲಾಂದ್ರೆ ಪೈಪು."

"ಎಷ್ಟು ದಿನ ಪೈಪು?"

"ಇರೋವರೆಗೂ."

ಹದಿನಾರರ ಹರೆಯದಿಂದ ಅವಳು ಎಲೆ ಅಡಿಕೆಯೊಂದಿಗೆ ಒಂದು ಚೂರು ಹೊಗೆಸೊಪ್ಪನ್ನು ಬಲದವಡೆಯಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದಳು. ಅವಳ ತವರು ಪೇಟೆಯ ವ್ಯಾಪಾರಸ್ಥರ ಮನೆ. ಅಲ್ಲಿ ಹೆಂಗಸರೆಲ್ಲರೂ ಹಾಗೆಯೇ ಮಾಡುತ್ತಿದ್ದರು, ಯಾರೂ ಅದನ್ನು ಚಟವೆಂದು ಕರೆಯುತ್ತಿರಲಿಲ್ಲ. ಈ ಮಾತನ್ನು ಮತ್ತೆ ಎತ್ತುವುದಿಲ್ಲ. ವೈದ್ಯರೂ ಒಮ್ಮೆ ಕೇಳಿ ಸುಮ್ಮನಾದರು.

ನಾವು ಇಷ್ಟಲಿಂಗ ಧರಿಸುವವರು. ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸಿ, ಅದಕ್ಕೆ ಎರೆದ ನೀರನ್ನು ಪಾದೋದಕವೆಂದು ಸೇವಿಸಿದ ನಂತರವೇ ನಮಗೆ ಊಟ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ, ಮಕ್ಕಳಾಗಲಿಲ್ಲ. ಪೂಜೆ ಮುಗಿಸಿ ಎದುರುಬದುರು ಕುಳಿತು ಊಟ ಮಾಡುವುದೇ ನಮ್ಮ ಸಂಸಾರದ ಮುಖ್ಯ ಕಾರ್ಯಕ್ರಮವಾಗಿತ್ತು ಎಂದರೆ ತಪ್ಪಾಗದು. ಗೆರೆ ಒಣಗುತ್ತಿದ್ದಂತೆ ಅವಳು ಕೇಳಿದಳು:

"ರೀ, ಪೈಪಲ್ಲಿ ಹೋಗೋ ಅನ್ನ ಪ್ರಸಾದ ಹೇಗಾಗುತ್ತೆ?"

"ಕೆಲವು ದಿನ ಮಾತ್ರ" ಎಂದೆ. ಅದು ಉತ್ತರವಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಲಿಂಗದ ದಾರವನ್ನು ಕತ್ತಿನಿಂದ ತೆಗೆಯಬೇಕೆಂದು ಸಿಸ್ಟರ್ ಹೇಳಿದಾಗ ಅವಳು ಒಪ್ಪಲಿಲ್ಲ. ಮೈಮೇಲಿನಿಂದ ತೆಗೆಯುವುದಾದರೆ ಶಸ್ತ್ರಚಿಕಿತ್ಸೆಯೇ ಬೇಡವೆಂದಳು. ಅರಿವಳಿಕೆಯ ವೈದ್ಯರು ಬಂದು ನೋಡಿ, "ಎಡತೋಳಿಗೆ ಕಟ್ಟಿ. ಬಿ.ಪಿ. ಪಟ್ಟೀನ ನಾನು ಕಾಲಿಗೆ ಕಟ್ಕೋತೀನಿ" ಎಂದರು. ಹಾಗೆಯೇ ಆಯಿತು. ಅದು ಅಷ್ಟು ಸುಲಭವಾಗಿ ಮುಗಿದುದರಿಂದ, ನಮ್ಮ ಆಚಾರಕ್ಕೂ ಆಸ್ಪತ್ರೆಯ ಕ್ರಮಕ್ಕೂ ಇನ್ನು ತಿಕ್ಕಾಟವಿಲ್ಲವೆಂದು ನಾನು ಭಾವಿಸಿದೆ.

ಹೆಂಗಸರ ವಾರ್ಡಿನಲ್ಲಿ ಗಂಡಸರು ಹಗಲು ಮಾತ್ರ ಇರಬಹುದಾಗಿತ್ತು. ರಾತ್ರಿಗೆ ಅವಳ ತಂಗಿ ಬರುತ್ತಿದ್ದಳು. ಬೆಳಗ್ಗೆ ಬಾಗಿಲಲ್ಲಿ ನಾನು ಒಳಗೆ, ಆಕೆ ಹೊರಗೆ. "ಅಕ್ಕ ನಿದ್ದೆ ಮಾಡಿದ್ಲು ಭಾವ. ಬ್ಯಾಂಡೇಜು ಒದ್ದೆ ಆಗಿದೆ, ಸಿಸ್ಟರ್‌ಗೆ ಹೇಳ್ಬಿಡಿ" ಎಂಬಂತಹ ಮಾತುಗಳೇ ಆ ದಿನಗಳಲ್ಲಿ ನನಗೆ ದೊರೆಯುತ್ತಿದ್ದ ಮನೆಮಾತು. ನನ್ನ ಹೆಂಡತಿಯ ಕುತ್ತಿಗೆಯ ಮುಂಭಾಗದಲ್ಲಿ ಉಸಿರಾಟಕ್ಕೆಂದು ತೂತು ಮಾಡಿ ಲೋಹದ ಕೊಳವೆಯೊಂದನ್ನು ಇಟ್ಟಿದ್ದರು. ಅದು ಇರುವವರೆಗೆ ಧ್ವನಿ ಹೊರಡುವುದಿಲ್ಲ. ಎದೆಯಿಂದ ಕೆನ್ನೆಗೆ ಏರಿದ ಸೇತುವೆ ಎಳೆಯದಂತೆ ಬಲತೋಳನ್ನು ಮೈಗೆ ಕಟ್ಟಿದ್ದರು. ತಲೆಯನ್ನು ಬಲಕ್ಕೆ ವಾಲಿಸಿ ದಿಂಬುಗಳ ನಡುವೆ ನಿಲ್ಲಿಸಿದ್ದರು. ಅವಳ ಬಳಿ ಉಳಿದದ್ದು ಎಡಗೈ ಮತ್ತು ಕಣ್ಣುಗಳು.

ಮೂಗಿನಿಂದ ಹೊಟ್ಟೆಗೆ ಇಳಿದಿದ್ದ ರಬ್ಬರ್ ನಳಿಕೆಯಲ್ಲಿ ಆಹಾರ ಕೊಡುವುದನ್ನು ಸಿಸ್ಟರ್ ನನಗೆ ಕಲಿಸಿದರು. ತಲೆಯ ಭಾಗವನ್ನು ಎತ್ತರಿಸಬೇಕು. ನಳಿಕೆಯ ಬಾಯಿಗೆ ಪಿಚಕಾರಿಯನ್ನು ಸಿಕ್ಕಿಸಿ ಹಿಂದಕ್ಕೆ ಎಳೆದು, ಹೊಟ್ಟೆಯ ರಸ ಬಂದರೆ ಮಾತ್ರ ಮುಂದುವರಿಯಬೇಕು. ಬಾರದಿದ್ದರೆ ನಳಿಕೆ ಶ್ವಾಸನಾಳಕ್ಕೆ ಸರಿದಿರಬಹುದು. ಅನಂತರ ಪಿಚಕಾರಿಯ ದಂಡವನ್ನು ತೆಗೆದು, ಉಳಿದ ಕೊಳವೆಯನ್ನೇ ಆಲಿಕೆಯಂತೆ ಎತ್ತಿ ಹಿಡಿದು ಸುರಿಯಬೇಕು. ಅದು ಬರಿದಾಗುವ ಮೊದಲೇ ಮತ್ತೆ ಸುರಿಯಬೇಕು. ಗಾಳಿ ಒಳಗೆ ಹೋಗಬಾರದು. ಕೊನೆಗೆ ಶುದ್ಧ ನೀರು, ಬಳಿಕ ಬಿರಡೆ.

"ಒತ್ತಬೇಡಿ" ಎಂದರು ಸಿಸ್ಟರ್. "ಅದರ ಪಾಡಿಗೆ ಅದು ಇಳೀಬೇಕು. ಮೇಷ್ಟ್ರುಗಳಿಗೆ ಅವಸರ ಜಾಸ್ತಿ."

ನಾನು ಶಾಲೆಯನ್ನು ಬಿಟ್ಟು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದುವು. ಆದರೂ ವಾರ್ಡಿಗೆಲ್ಲ ನಾನು ಮೇಷ್ಟ್ರೇ. ಈ ಹೆಸರನ್ನು ಹಬ್ಬಿಸಿದವರು ಪಕ್ಕದ ಮಂಚದಲ್ಲಿದ್ದ ಮಾವಳ್ಳಿಯ ಹೆಂಗಸು. ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚಿನ ಕೆಲಸದಲ್ಲಿದ್ದ ಅವರಿಗೆ ನಾಲಗೆಯ ಅಂಚಿನಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಾಗಿತ್ತು. ಅದರಿಂದ ಅವರ ಮಾತು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಮೊದಲ ತೊಡಕು ಅಂಬಲಿಯಿಂದ ಬಂದಿತು. ಆಸ್ಪತ್ರೆಯವರು ಹಾಲಿಗೆ ಮೊಟ್ಟೆ ಕದಡಿ ಕೊಡುತ್ತಿದ್ದರು. ನಮಗೆ ಅದು ಸಲ್ಲದು. ಬದಲಿಗೆ ಹೆಸರುಬೇಳೆಯ ಕಟ್ಟು ಮತ್ತು ರಾಗಿ ಅಂಬಲಿಯನ್ನು ತರಲು ಸಿಸ್ಟರ್ ಅನುಮತಿ ಕೊಟ್ಟರು. ನಾನು ಬೆಳಗ್ಗೆ ಕಾಯಿಸಿ ತೆಳುಬಟ್ಟೆಯಲ್ಲಿ ಸೋಸಿ ಒಯ್ಯುತ್ತಿದ್ದೆ. ಮನೆಯಲ್ಲಿ ನೀರಿನಂತಿದ್ದ ಅಂಬಲಿ ಆಸ್ಪತ್ರೆ ತಲಪುವಷ್ಟರಲ್ಲಿ ಗೋಂದಾಗುತ್ತಿತ್ತು. ಒಂದು ದಿನ ನಳಿಕೆ ಪೂರ್ತಿ ಕಟ್ಟಿತು. ಅದನ್ನು ತೆಗೆದು ಬೇರೆಯದನ್ನು ಇಳಿಸುವಾಗ ಅವಳ ಮೂಗಿನಿಂದ ರಕ್ತ ಬಂದಿತು. ನಾನು ಪಾತ್ರೆಯನ್ನು ಹಿಡಿದು ನಿಂತಿದ್ದೆ.

ಎಲ್ಲ ಮುಗಿದ ಮೇಲೆ ಅವಳು ಎಡಗೈಯ ಮುಷ್ಟಿ ಕಟ್ಟಿ, ಅದರಿಂದ ಕಿರುಬೆರಳನ್ನು ಮೆಲ್ಲಮೆಲ್ಲನೆ ಹೊರಗೆ ಚಾಚಿ ತೋರಿಸಿದಳು. ನನಗೆ ಅರ್ಥವಾಗಲಿಲ್ಲ.

"ಹಾವಾ?" ಎಂದರು ಮಾವಳ್ಳಿಯವರು. ಅವಳು ಕಣ್ಣು ಮುಚ್ಚಿ ತೆರೆದು, ಮತ್ತೆ ಮುಷ್ಟಿ ಕಟ್ಟಿದಳು. "ಮೂತ್ರಕ್ಕೆ ಹೋಗ್ಬೇಕಂತೆ ಮೇಷ್ಟ್ರೇ, ಅದಕ್ಕೇ ಕಿರುಬೆರಳು. ನೀವು ಕ್ಲಾಸಲ್ಲಿ ಇದನ್ನೇ ಅಲ್ವಾ ಕಲ್ಸಿದ್ದು?"

ವಾರ್ಡಿನಲ್ಲಿ ನಗು ಎದ್ದಿತು. ಅವಳ ಕಣ್ಣೂ ನಕ್ಕಿತು. ನಗುವುದಕ್ಕೆ ಉಳಿದ ಮುಖ ಅಡ್ಡಿಯಾಗಿತ್ತು. ಮೂರನೆಯ ಸಲ ಅವಳು ಬೆರಳನ್ನು ಚಾಚಿದಾಗ ನನಗೆ ಹೊಳೆಯಿತು: ಮೊಳಕೆ. ತಂಗಿಯ ಮಕ್ಕಳಿಗೆ ಅವಳು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತಿದ್ದಳು. ಆ ಹಿಟ್ಟಿನ ಅಂಬಲಿ ಆರಿದರೂ ಗಟ್ಟಿಯಾಗುವುದಿಲ್ಲ. ಮರುದಿನವೇ ರಾಗಿ ನೆನೆಸಿದೆ. ಅಲ್ಲಿಂದ ಮುಂದೆ ನಳಿಕೆ ಕಟ್ಟಲಿಲ್ಲ.

ಪ್ರತಿದಿನ ಮೊದಲ ಆಹಾರಕ್ಕಿಂತ ಮುಂಚೆ ಲಿಂಗಪೂಜೆ. ಅವಳ ಬಲಗೈ ಕಟ್ಟುಬಿದ್ದಿದ್ದುದರಿಂದ ಪೂಜೆಗೆ ಅವಳ ಎಡ ಅಂಗೈ ಪೀಠವಾಯಿತು, ನನ್ನ ಬಲಗೈ ನೀರೆರೆಯಿತು. ಇಷ್ಟು ಹತ್ತಿರದಲ್ಲಿ ನಾವು ಹಿಂದೆ ಎಂದೂ ಪೂಜೆ ಮಾಡಿದವರಲ್ಲ. ಅವರವರ ಲಿಂಗ, ಅವರವರ ಮಂತ್ರ. ಎರೆದ ನೀರನ್ನು ಬಟ್ಟಲಲ್ಲಿ ಹಿಡಿದು ಒಂದು ಚಮಚವನ್ನು ಅವಳ ತುಟಿಯ ಎಡಮೂಲೆಯಲ್ಲಿ ಬಿಡುತ್ತಿದ್ದೆ. ಅದನ್ನು ನುಂಗಲು ಅವಳು ಪಡುತ್ತಿದ್ದ ಶ್ರಮ ಕತ್ತಿನ ನರಗಳಲ್ಲಿ ಕಾಣುತ್ತಿತ್ತು. ನುಂಗಿದ ಮೇಲೆ ಮುಖ ತಿಳಿಯಾಗುತ್ತಿತ್ತು.

ಕುತ್ತಿಗೆಯ ಕೊಳವೆಯನ್ನು ತೆಗೆದರು, ತೂತು ಮುಚ್ಚಿಕೊಂಡಿತು, ಹೊಲಿಗೆ ಕೂಡುವವರೆಗೆ ಮಾತು ಮಾತ್ರ ಬೇಡವೆಂದರು. ಆದರೆ ದವಡೆಯ ಕೆಳಗೆ ಹೊಲಿಗೆಯ ಒಂದು ಕಡೆ ಬಿಟ್ಟುಕೊಂಡು ಅಲ್ಲಿಂದ ಎಂಜಲು ಸೋರತೊಡಗಿತು. ಬಾಯೊಳಗಿನಿಂದ ಹೊರಗೆ ದಾರಿಯಾಗಿದೆ ಎಂದರು ವೈದ್ಯರು. ಅದು ಮುಚ್ಚದೆ ಸೇತುವೆಯನ್ನು ಕತ್ತರಿಸುವಂತಿಲ್ಲ, ಕತ್ತರಿಸಿ ವಾಸಿಯಾಗದೆ ಕೋಬಾಲ್ಟ್ ಕಿರಣ ಕೊಡುವಂತಿಲ್ಲ, ಕಿರಣ ತಡವಾದರೆ ರೋಗ ಮರಳಬಹುದು. ಬಾಯಿಗೆ ಏನನ್ನೂ ಕೊಡಬಾರದೆಂಬ ಆದೇಶ ಮೊದಲಿನಿಂದಲೂ ಇತ್ತು. ಮೂರು ವಾರ ಕಳೆಯಿತು. ಬಟ್ಟೆ ಒದ್ದೆಯಾಗುತ್ತಲೇ ಇತ್ತು.

"ಬಾಯಿಗೆ ಏನಾದ್ರೂ ಕೊಡ್ತಿದ್ದೀರಾ ಮೇಷ್ಟ್ರೇ?" ಎಂದು ವೈದ್ಯರು ನೇರವಾಗಿ ಕೇಳಿದರು.

"ಇಲ್ಲ. ಒಂದು ಹನಿ ನೀರೂ ಇಲ್ಲ."

ನಾನು ಸುಳ್ಳು ಹೇಳುತ್ತಿರಲಿಲ್ಲ. ಅವಳೂ ಎಡಗೈಯನ್ನು ಆಡಿಸಿ ಇಲ್ಲವೆಂದಳು. ಆದೇಶಗಳನ್ನು ಅಕ್ಷರಶಃ ಪಾಲಿಸುವುದರಲ್ಲಿ ನನ್ನನ್ನು ಮೀರಿಸಿದವರು ಆ ವಾರ್ಡಿನಲ್ಲಿ ಇರಲಿಲ್ಲ.

ಮರುದಿನ ಸಿಸ್ಟರ್ ಎಂದಿಗಿಂತ ಬೇಗ ಬಂದರು. ನನ್ನ ಚಮಚ ಅವಳ ತುಟಿಯಲ್ಲಿತ್ತು.

"ಅದೇನ್ರೀ ಅದು?"

"ಪಾದೋದಕ."

"ನೀರು ತಾನೇ?"

"ನೀರಲ್ಲ, ಪಾದೋದಕ" ಎಂದು ನಾನು ಮತ್ತೆ ಹೇಳಿದೆ. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ಬೇರೆಯಾಗಿ ಕೇಳಿಸಿತು.

"ನಿನ್ನೆ ಡಾಕ್ಟ್ರು ಕೇಳಿದಾಗ ಹನಿಯೂ ಇಲ್ಲ ಅಂದ್ರಲ್ಲ!"

"ಬಿಡಿ ಸಿಸ್ಟರ್," ಎಂದರು ಮಾವಳ್ಳಿಯವರು, "ಅವರ ಲೆಕ್ಕದಲ್ಲಿ ಅದು ನೀರಲ್ಲ. ಗಾಯಕ್ಕೆ ಯಾರೂ ಹೇಳಿಲ್ಲ, ಅಷ್ಟೇ."

ಈ ಸಲ ಯಾರೂ ನಗಲಿಲ್ಲ. ವೈದ್ಯರು ಬಂದು ಕೇಳಿ, ಸೋರುವುದಕ್ಕೆ ಅದೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೆ ಅಂದಿನಿಂದಲೇ ನಿಲ್ಲಿಸಬೇಕು ಎಂದರು.

ನಾನು ಅವಳಿಗೆ ಹೇಳಬೇಕಾದುದನ್ನು ಅಂಗಳದ ಮರದ ಕೆಳಗೆ ಕುಳಿತು ಮನಸ್ಸಿನಲ್ಲಿಯೇ ಜೋಡಿಸಿಕೊಂಡೆ. ಅಲ್ಲಿ ಬೇರೆ ಬೇರೆ ಊರುಗಳ ಗಂಡಸರು ತಂತಮ್ಮ ಬುತ್ತಿ ಬಿಚ್ಚಿ ಬೆನ್ನು ತಿರುಗಿಸಿ ತಿನ್ನುತ್ತಿದ್ದರು. ಒಬ್ಬರು ಇನ್ನೊಬ್ಬರನ್ನು ಏನೂ ಕೇಳುತ್ತಿರಲಿಲ್ಲ. ಕಾಯಿಲೆಯಲ್ಲಿ ಆಚಾರಕ್ಕೆ ವಿನಾಯಿತಿ ಉಂಟೆಂಬುದು ಮೊದಲ ವಾದ. ಭಾವವೇ ಮುಖ್ಯವೆಂಬುದು ಎರಡನೆಯದು. ಮರುದಿನ ಬೆಳಗ್ಗೆ ಪೂಜೆ ಮುಗಿಸಿ ಚಮಚವನ್ನು ಹಿಡಿದುಕೊಂಡೇ ಮೊದಲನೆಯ ವಾದವನ್ನು ಆರಂಭಿಸಿದೆ. ಅವಳು ಅರ್ಧ ಕೇಳಿದಳು. ಲಿಂಗವನ್ನು ನನ್ನ ಅಂಗೈಗೆ ದಾಟಿಸಿ, ಚಮಚವನ್ನು ನನ್ನಿಂದ ತೆಗೆದುಕೊಂಡಳು. ಕಣ್ಣಿನಿಂದ ನಳಿಕೆಯನ್ನು ತೋರಿಸಿ, ಬರಿದಾದ ಕೈಯಲ್ಲಿ ನಾನು ಆಲಿಕೆಯನ್ನು ಎತ್ತಿ ಹಿಡಿದಾಗ ಚಮಚವನ್ನು ಅದರೊಳಕ್ಕೆ ತಾನೇ ಬಗ್ಗಿಸಿದಳು.

ನೀರು ನಳಿಕೆಯಲ್ಲಿ ಇಳಿಯಿತು. ನಾಲಗೆಗೆ ತಗಲಲಿಲ್ಲ. ಅವಳ ಕತ್ತಿನ ನರಗಳು ಅಲುಗಲಿಲ್ಲ.

"ಇಷ್ಟೇನಾ? ಮೊದಲೇ ಮಾಡಬಹುದಿತ್ತಲ್ಲ" ಎಂದರು ಸಿಸ್ಟರ್. ಗೋಡೆಯ ಕಡೆಗೆ ಕಣ್ಣು ಹೊರಳಿಸಿದ ನನ್ನ ಹೆಂಡತಿ ಆ ದಿನ ನನ್ನತ್ತ ನೋಡಲಿಲ್ಲ.

ಗಾಯ ಕ್ರಮೇಣ ಒಣಗಿತು. ಸೇತುವೆಯನ್ನು ಕತ್ತರಿಸಿ, ಉಳಿದ ಚರ್ಮವನ್ನು ಮತ್ತೆ ಎದೆಗೆ ಹಾಸಿ ಹೊಲಿದರು. ಬಳಿಕ ಕೋಬಾಲ್ಟ್ ಕಿರಣ. ಮುಖವನ್ನು ಮರಳು ಚೀಲಗಳ ನಡುವೆ ಇಟ್ಟು, ಎಲ್ಲರೂ ಹೊರಗೆ ಬಂದು ಭಾರವಾದ ಬಾಗಿಲನ್ನು ಮುಚ್ಚುತ್ತಿದ್ದರು. ಒಳಗೆ ಅವಳೊಬ್ಬಳೇ. ಬಾಯಿ ಹುಣ್ಣಾಯಿತು, ಜೊಲ್ಲು ಬತ್ತಿತು, ರುಚಿ ಹೋಯಿತು. ಮಾವಳ್ಳಿಯವರು ಅಷ್ಟರಲ್ಲಿ ಮನೆಗೆ ಹೋಗಿದ್ದರು. ಹೊರಡುವಾಗ ಅವಳ ತಲೆ ಸವರಿ, "ಮೇಷ್ಟ್ರನ್ನ ಪಾಸ್ ಮಾಡ್ಬಿಡಿ, ಪಾಪ" ಎಂದಿದ್ದರು.

ನಳಿಕೆಯೊಂದಿಗೇ ನಾವು ಚಾಮರಾಜಪೇಟೆಗೆ ಮರಳಿದೆವು. ತಂಗಿ ಒಂದು ವಾರ ಇದ್ದು ತನ್ನ ಸಂಸಾರಕ್ಕೆ ಹೋದಳು. ನೋಡಲು ಬಂದ ನೆಂಟರ ಎದುರು ನನ್ನ ಹೆಂಡತಿ ಸೆರಗನ್ನು ಮೂಗಿನವರೆಗೆ ಹೊದ್ದು ಕುಳಿತಳು. ಅವರು ಗೋಡೆಯನ್ನು ನೋಡುತ್ತ ಮಾತನಾಡಿ, ಕಾಫಿ ಬೇಡವೆಂದು ಎದ್ದು ಹೋದರು. ಎರಡನೆಯ ಸಲ ಯಾರೂ ಬರಲಿಲ್ಲ. ಅಡುಗೆಯ ವಾಸನೆಯನ್ನು ಅವಳ ಬಳಿ ಎಬ್ಬಿಸಬಾರದೆಂದು ನಾನು ನನಗೆಂದು ಮನೆಯಲ್ಲಿ ಬೇಯಿಸುವುದನ್ನು ಬಿಟ್ಟೆ. ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ನಡೆದು ಹೋಗಿ, ಮಕ್ಕಳೊಂದಿಗೆ ಬಂದ ಸಂಸಾರಗಳ ಪಕ್ಕದಲ್ಲಿ ನಿಂತು ದೋಸೆಯನ್ನೋ ಇಡ್ಲಿಯನ್ನೋ ತಿಂದು, ಬಾಯಿ ಚೆನ್ನಾಗಿ ಮುಕ್ಕಳಿಸಿ ಮನೆಗೆ ಬರುತ್ತಿದ್ದೆ.

ಇನ್ನು ಉಳಿದದ್ದು ದವಡೆ. ಕಿರಣದ ಅನಂತರ ಅದು ದಿನೇ ದಿನೇ ಬಿಗಿಯುತ್ತದೆ. ಐಸ್‌ಕ್ರೀಮಿನ ಚಪ್ಪಟೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ಆ ಕಟ್ಟನ್ನು ಎಡಭಾಗದ ಹಲ್ಲುಗಳ ನಡುವೆ ತೂರಿಸಬೇಕು. ಹಿಡಿದ ಮೇಲೆ ನಡುವೆ ಇನ್ನೊಂದು ಕಡ್ಡಿಯನ್ನು ಸೇರಿಸಬೇಕು. ನೋವಾಗುತ್ತದೆ, ಆದರೂ ನಿಲ್ಲಿಸಬಾರದು. ಅವಳ ಬಾಯಿಗೆ ನನ್ನ ಒಂದು ಬೆರಳೂ ಹೋಗುತ್ತಿರಲಿಲ್ಲ. ಮುಂದಿನ ತಪಾಸಣೆಯಲ್ಲಿ ಬಾಯಿ ಇಷ್ಟೇ ತೆರೆದರೆ ಮೂಗಿನ ನಳಿಕೆಯನ್ನು ತೆಗೆದು, ಹೊಟ್ಟೆಗೇ ತೂತು ಮಾಡಿ ಶಾಶ್ವತವಾದುದನ್ನು ಹಾಕುವುದಾಗಿ ವೈದ್ಯರು ಹೇಳಿದರು.

ನಾನು ಅವಳ ಎದುರು ಮಣೆ ಹಾಕಿಕೊಂಡು ಕುಳಿತೆ. ಕಡ್ಡಿಗಳನ್ನು ಕುದಿಸಿ, ಒರೆಸಿ, ಒಂದೊಂದಾಗಿ ಕೊಟ್ಟೆ. "ಇನ್ನೊಂದು" ಎಂದೆ. "ಇನ್ನೂ ಸ್ವಲ್ಪ" ಎಂದೆ. ಅವಳು ಕೆಲವು ದಿನ ಮಾಡಿದಳು. ಆಮೇಲೆ ಹಲ್ಲು ಕಚ್ಚಿ ಸುಮ್ಮನೆ ಕುಳಿತಳು. ಒಂದು ಬೆಳಗ್ಗೆ ಕಡ್ಡಿಗಳನ್ನು ಕೈಯಿಂದ ತಳ್ಳಿದಳು. ಅವು ನಡುಮನೆಯ ತುಂಬ ಚೆಲ್ಲಿದುವು.

ಅವಳ ಮಾತನ್ನು ಇಲ್ಲಿ ಪೂರ್ಣಾಕ್ಷರಗಳಲ್ಲಿ ಬರೆಯುತ್ತಿದ್ದೇನೆ. ಕೇಳಿಸಿದ್ದು ಹಾಗಲ್ಲ, ತುಟಿ ಕೂಡದೆ ಅರ್ಧದಷ್ಟು ಅಕ್ಷರಗಳು ಗಾಳಿಯಾಗುತ್ತಿದ್ದುವು. ಆದರೆ ನನಗೆ ಒಂದೂ ತಪ್ಪಲಿಲ್ಲ.

"ಪ್ರೆಸ್ಸಿಗೆ ಹೋಗಿ ನೀವು."

"ಇದನ್ನು ಮುಗಿಸಿದ ಮೇಲೆ—"

"ಇದು ನಿಮ್ಮ ಕ್ಲಾಸಾ? ಊರಿನ ಮಕ್ಕಳ ಬಾಯೆಲ್ಲ ತೆಗೆಸಿದ್ದು ಸಾಲ್ದೇ ನನ್ನ ಮುಂದೆ ಕೂತ್ರಾ? ಬೆಳಗಾದ್ರೆ ನೋಡ್ತೀರಿ, ಸಂಜೆ ಆದ್ರೆ ನೋಡ್ತೀರಿ. ಇದನ್ನ ನೋಡಕ್ಕೆ ಏನಿದೆ ರೀ?"

"ಬಾಯಿ ತೆರೆಯದಿದ್ದರೆ ಊಟ ಹೇಗೆ?"

ಅವಳು ನಿಧಾನವಾಗಿ ಹೇಳಿದಳು. "ಪಾದೋದಕಾನೇ ಪೈಪಲ್ಲಿ ಹೋಯ್ತಲ್ಲ. ಅದಕ್ಕೇ ಬೇಡವಾದ ಬಾಯಿ ಇನ್ನು ಅನ್ನಕ್ಕೆ ಯಾಕೆ?"

ಕಡ್ಡಿಗಳನ್ನು ಆರಿಸಿ ತೊಳೆದೆ.

ಆ ದಿನವೆಲ್ಲ ಅವಳ ಮಾತನ್ನು ಎರಡು ಭಾಗ ಮಾಡಿ ನೋಡಿದೆ. ಎರಡನೆಯ ಭಾಗಕ್ಕೆ, ಪಾದೋದಕದ ಮಾತಿಗೆ, ನಾನು ಏನೂ ಮಾಡುವಂತಿರಲಿಲ್ಲ. ಅದು ಅವಳಿಗೂ ಅವಳ ಲಿಂಗಕ್ಕೂ ಸೇರಿದ ವಿಷಯ. ಮೊದಲನೆಯ ಭಾಗ, ನನ್ನ ನೋಟದ ಮಾತು, ನನಗೆ ಸೇರಿದ್ದು. ಮುದ್ರಣಾಲಯದಲ್ಲಿ ಪಠ್ಯಪುಸ್ತಕದ ಕರಡು ಕಾದಿತ್ತು. ಯಜಮಾನರು ಮತ್ತೆ ಮತ್ತೆ ಹೇಳಿಕಳುಹಿಸಿದ್ದರು. ನಳಿಕೆಯಲ್ಲಿ ಆಹಾರ ಸುರಿದುಕೊಳ್ಳಲು ಅವಳ ಬಲಗೈ ಈಗ ಶಕ್ತವಾಗಿತ್ತು. ನಾನು ಹೋದರೆ ಅವಳು ಕಡ್ಡಿಯನ್ನು ಮುಟ್ಟದೆಯೇ ಇರಬಹುದು, ಆಹಾರವನ್ನೂ ಮುಟ್ಟದಿರಬಹುದು. ನಾನು ಇದ್ದರೆ ಅವಳು ಬಾಯಿ ತೆರೆಯುವುದಿಲ್ಲ ಎಂಬುದಂತೂ ನಿಶ್ಚಯ. ಹೋಗುವುದೆಂದು ನಿರ್ಧರಿಸಿದೆ.

ಮೊದಲ ದಿನ ಸಂಜೆ ಬಂದು ನೋಡಿದರೆ ಮಧ್ಯಾಹ್ನದ ಅಂಬಲಿ ಮುಚ್ಚಿದ ಹಾಗೆಯೇ ಇತ್ತು. ಅವಳು ಗೋಡೆಗೆ ಒರಗಿದ್ದಳು. ನಾನು ಏನೂ ಕೇಳದೆ ಅಂಬಲಿಯನ್ನು ಬಿಸಿ ಮಾಡಿ ಕೊಟ್ಟೆ. ಎರಡನೆಯ ದಿನ ಹೊರಡುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಬೀದಿಯ ತಿರುವಿನವರೆಗೆ ಹೋದವನು ನಿಂತೆ. ಹಿಂದಿರುಗಿ ನೋಡಿದರೆ ಹೋಗಲಾರೆನೆಂದು ನೋಡದೆ ನಡೆದೆ. ಆ ದಿನದ ಕರಡಿನಲ್ಲಿ ಒಂದು ಪುಟವನ್ನು ಪೂರ್ತಿ ತಿದ್ದದೆ ಬಿಟ್ಟಿದ್ದೇನೆಂದು ಅಚ್ಚು ಜೋಡಿಸುವವರು ತಂದು ತೋರಿಸಿದರು. ಸಂಜೆ ಅಂಬಲಿಯ ಪಾತ್ರೆ ತೊಳೆದು ಬೋರಲು ಹಾಕಿತ್ತು.

ಕೆಲವು ದಿನಗಳ ಮೇಲೆ ಮರದ ಕಡ್ಡಿಗಳು ಇಟ್ಟಲ್ಲಿ ಇರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಸಾಲಾಗಿ ಒಣಗುತ್ತಿದ್ದುವು. ನೋಡಿಯೂ ನೋಡದವನಂತೆ ಒಳಗೆ ಬಂದೆ. ಎಷ್ಟು ಕಡ್ಡಿಗಳೆಂದು ಲೆಕ್ಕ ಹಾಕಬೇಕೆಂಬ ಆಸೆ ಬಲವಾಗಿತ್ತು. ಲೆಕ್ಕ ಹಾಕಲಿಲ್ಲ.

ತಪಾಸಣೆಯ ದಿನ ವೈದ್ಯರು ಒಂದು ಬೆರಳನ್ನು, ಅದರ ಪಕ್ಕ ಇನ್ನೊಂದರ ತುದಿಯನ್ನು ಅವಳ ಹಲ್ಲುಗಳ ನಡುವೆ ಇಟ್ಟು ನೋಡಿದರು. "ಇಷ್ಟು ಸಾಕು. ಹೊಟ್ಟೆಗೆ ತೂತು ಬೇಡ" ಎಂದು ಮೂಗಿನ ನಳಿಕೆಯನ್ನು ಎಳೆದು ತೆಗೆದರು. ಒಂದು ಲೋಟ ನೀರು ತರಿಸಿ ಕುಡಿಯಲು ಹೇಳಿದರು. ಅವಳು ಲೋಟವನ್ನು ಹಿಡಿದು ಕುಳಿತಳೇ ಹೊರತು ಕುಡಿಯಲಿಲ್ಲ. ಸಿಸ್ಟರ್ ಬೇಡಿಕೊಂಡರು. ನಾನು ಹೊರಗೆ ಹೋದೆ, ಆದರೂ ಕುಡಿಯಲಿಲ್ಲ. "ನಾಳೆ ಸಂಜೆಯೊಳಗೆ ಬಾಯಿಂದ ಏನೂ ಹೋಗ್ಲಿಲ್ಲಾಂದ್ರೆ ಕರ್ಕೊಂಡು ಬನ್ನಿ. ಮತ್ತೆ ಪೈಪು ಹಾಕ್ಬೇಕಾಗುತ್ತೆ" ಎಂದರು ವೈದ್ಯರು.

ಮರುದಿನ ಬೆಳಗ್ಗೆ ಅವಳು ತನ್ನ ಪೂಜೆಯನ್ನು ತಾನೇ ಮಾಡಿಕೊಂಡಳು. ಪಾದೋದಕದ ಬಟ್ಟಲನ್ನು ಎತ್ತಿಕೊಂಡು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಒಂದು ದೀರ್ಘವಾದ ಕೆಮ್ಮು ಕೇಳಿಸಿತು, ಬಳಿಕ ಏನೂ ಕೇಳಿಸಲಿಲ್ಲ. ಬಾಗಿಲು ಬಡಿಯಲು ಎತ್ತಿದ ಕೈಯನ್ನು ಇಳಿಸಿ ಚಪ್ಪಲಿ ಮೆಟ್ಟಿಕೊಂಡೆ. ಮುದ್ರಣಾಲಯಕ್ಕೆ ಹೊರಟೆ.

ಸಂಜೆ ಗೇಟಿನ ಬಳಿ ಒಗ್ಗರಣೆಯ ವಾಸನೆ ಬಂದಿತು, ಜೀರಿಗೆ ಮತ್ತು ಇಂಗು. ಪಕ್ಕದ ಮನೆಯದೆಂದುಕೊಂಡೆ. ನಳಿಕೆಯಲ್ಲಿ ಹೋಗುವ ಆಹಾರಕ್ಕೆ ಒಗ್ಗರಣೆಯ ಅಗತ್ಯವಿಲ್ಲ. ತಿಂಗಳುಗಟ್ಟಲೆಯಿಂದ ನಮ್ಮ ಮನೆಯಲ್ಲಿ ಸಾಸಿವೆ ಸಿಡಿದಿರಲಿಲ್ಲ. ಅಡುಗೆಮನೆಗೆ ಬಂದು ನೋಡಿದರೆ ಒಲೆಯ ಮೇಲೆ ಸೋಸಿದ ಬೇಳೆಸಾರು, ಪಕ್ಕದಲ್ಲಿ ಮೆತ್ತಗೆ ಬೆಂದ ಅನ್ನ. ಕೋಣೆಯ ಬಾಗಿಲು ಹಾಕಿತ್ತು. ಒಳಗಿನಿಂದ ಬಟ್ಟಲಿಗೆ ಚಮಚ ತಾಕುವ ಸದ್ದು. ಬಹಳ ಹೊತ್ತು ಬಿಟ್ಟು ಇನ್ನೊಂದು.

"ಬಂದೆ" ಎಂದೆ.

"ಕೈಕಾಲು ತೊಳ್ಕೊಳ್ಳಿ. ಒಲೆ ಮೇಲಿದೆ."

"ಒಳಗೆ ಬರಲಾ?"

"ಬೇಡ."

"ನೋಡುವುದಿಲ್ಲ. ಗೋಡೆಯ ಕಡೆ ತಿರುಗಿ ಕುಳಿತುಕೊಳ್ಳುತ್ತೇನೆ."

"ಬೇಡಾಂದ್ರೆ ಬೇಡ ರೀ. ಬಡಿಸ್ಕೊಂಡು ಊಟ ಮಾಡಿ."

ತಟ್ಟೆಗೆ ಬಡಿಸಿಕೊಂಡು ಬಾಗಿಲಿನ ಈಚೆಗೆ ಮಣೆ ಹಾಕಿಕೊಂಡೆ. ಸಾರು ಕಲೆಸಿ ಒಂದು ತುತ್ತು ತಿಂದೆ. ಒಳಗೆ ಚಮಚ ನಿಂತಿತು.

"ರೀ."

"ಏನು?"

"ಉಪ್ಪು ಹೇಗಿದೆ? ನನಗೇನೂ ಗೊತ್ತಾಗ್ತಿಲ್ಲ. ಎಲ್ಲಾ ಬೂದಿ ತಿಂದ ಹಾಗಿದೆ."

ಇನ್ನೊಂದು ತುತ್ತು ತಿಂದು ನೋಡಿದೆ. ಸರಿಯಾಗಿದೆ ಎಂದು ಹೇಳಿಬಿಡುವುದು ಸುಲಭವಾಗಿತ್ತು.

"ಸ್ವಲ್ಪ ಕಡಿಮೆ ಇದೆ."

"ಎಷ್ಟು?"

"ಒಂದು ಚಿಟಿಕೆ."

"ಸರಿ. ನಾಳೆ ಹಾಕ್ತೀನಿ" ಎಂದಳು. ಬಹಳ ಹೊತ್ತು ಬಿಟ್ಟು ಚಮಚ ಮತ್ತೆ ಬಟ್ಟಲಿಗೆ ತಾಕಿತು.

ಅವಳ ರುಚಿ ಮರಳಲಿಲ್ಲ. ರೋಗವೂ ಮರಳಿಲ್ಲ. ಈ ವರ್ಷಗಳಲ್ಲಿ ಅವಳು ನನ್ನೆದುರು ಒಂದು ತುತ್ತನ್ನೂ ತಿಂದಿಲ್ಲ. ಒಳಗೆ ಬರಲೇ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಊಟದ ಹೊತ್ತಿಗೆ ಅವಳು ಬಾಗಿಲಾಚೆ, ನಾನು ಈಚೆ. ಮೊದಲ ತುತ್ತು ನನ್ನದು; ನನ್ನ ಮಾತು ಕೇಳಿದ ಮೇಲೆ ಅವಳದು. ಇಂದು ಮಧ್ಯಾಹ್ನ ಹುರುಳಿಕಾಯಿ ಪಲ್ಯವನ್ನು ನುಣ್ಣಗೆ ಅರೆದು ಹುಳಿಗೆ ಸೇರಿಸಿದ್ದಳು. ಉಪ್ಪು ಹೇಗಿದೆಯೆಂದು ಒಳಗಿನಿಂದ ಕೇಳಿದಳು. ಎರಡು ತುತ್ತು ತಿಂದು ನೋಡಿ, ಹದವಾಗಿದೆ ಎಂದೆ.